ಬೆಳೆಯುವ ಬ್ರೇಕು

ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಕಾಳಪ್ಪ ಕಮ್ಮಾರನ ಶೆಡ್ಡು ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಣ್ಣ ಹೋದರೆ, ಸೀಟು ಹರಿದರೆ, ಮೋಟಾರು ಕೆಟ್ಟರೆ ಬೇರೆ ಕಡೆ ಹೋಗಬೇಕು. ಕಾಳಪ್ಪ ಮುಟ್ಟುತ್ತಿದ್ದದ್ದು ಬ್ರೇಕನ್ನು ಮಾತ್ರ. "ಗಾಡಿ ಓಡ್ಸಾಕ ಸಾವಿರ ಮಂದಿ ಅದಾರ, ನಿಂದ್ರಸಾಕ ನಾ ಒಬ್ಬಾವ ಸಾಕು" ಎನ್ನುತ್ತಿದ್ದ. ಮೂವತ್ತನಾಲ್ಕು ವರ್ಷ ಅದೇ ಕೆಲಸ. ಗಾಲಿ ಬಿಚ್ಚುವುದು, ಡಿಸ್ಕಿನ ಮೇಲೆ ಹೆಬ್ಬೆರಳು ಆಡಿಸುವುದು, ಅದನ್ನು ಒತ್ತಿ ನಿಲ್ಲಿಸುವ ಪ್ಯಾಡನ್ನು ಮೂಗಿನ ಹತ್ತಿರ ಹಿಡಿದು ಮೂಸುವುದು. ಅಷ್ಟಾದ ಮೇಲೆ ಇದು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದ. ಆ ಮಾತು ತಪ್ಪಿದ್ದು ಕಡಿಮೆ.

ಹೀಗಿರುವಾಗ ಯುಗಾದಿಯ ಹೊತ್ತಿಗೆ ಬೆಳೆಯುವ ಬ್ರೇಕು ಬಂತು.

ಅದನ್ನು ಮಾಡಿದ ಕಂಪನಿ ಅದಕ್ಕೆ ಉದ್ದನೆಯ ಹೆಸರಿಟ್ಟಿತ್ತು. ಜನ ಅದನ್ನು ಬಾಯಲ್ಲಿ ಹೊರಳಿಸಲಾಗದೆ ಬೆಳೆಯುವ ಬ್ರೇಕು ಎಂದೇ ಕರೆದರು. ಆ ಪ್ಯಾಡಿನೊಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದವು. ಹಗಲು ಓಡಾಟದಲ್ಲಿ ಪ್ಯಾಡು ಸವೆದಷ್ಟನ್ನು ಅವು, ಗಾಡಿ ನಿಂತಾಗ, ಕಲ್ಲಿನಂಥ ಹೊಸ ಪದರ ಕಟ್ಟಿ ತುಂಬಿಸುತ್ತಿದ್ದವು. ಉಗುರು ಬೆಳೆದ ಹಾಗೆ. ಪ್ಯಾಡು ಬದಲಿಸುವ ಮಾತೇ ಇಲ್ಲ. ಮೊದಲ ಹಂತದಲ್ಲಿ ಹುಬ್ಬಳ್ಳಿ ಧಾರವಾಡದ ಸುತ್ತಲಿನ ಆರು ಸಾವಿರ ಬ್ಯಾಟರಿ ಕಾರುಗಳಿಗೆ ಅದನ್ನು ಹಾಕಿದರು. ಪ್ರತಿ ಕಾರಿನ ಪ್ಯಾಡಿನ ಸುದ್ದಿ ಉಪಗ್ರಹದ ಮೂಲಕ ಧಾರವಾಡದ ಹೊರಗಿದ್ದ ಕಂಪನಿಯ ಉಸ್ತುವಾರಿ ಕೋಣೆಗೆ ಹೋಗುತ್ತಿತ್ತು.

ಕಾಳಪ್ಪನಿಗೆ ಮೊದಮೊದಲು ಸಿಟ್ಟು ಬಂತು. ಆಮೇಲೆ ಕೆಲಸವೇ ಬಂತು. ಆರು ತಿಂಗಳಿಗೊಮ್ಮೆ ನುರಿತ ಮೆಕ್ಯಾನಿಕ್ ಒಬ್ಬ ಗಾಲಿ ಬಿಚ್ಚಿ ನೋಡಿ ಸಹಿ ಮಾಡಬೇಕೆಂದು ಸರಕಾರ ನಿಯಮ ಮಾಡಿತ್ತು. ಜನಕ್ಕೆ ಕಾಳಪ್ಪನ ಸಹಿಯೇ ಬೇಕಾಯಿತು. ಯುಗಾದಿಗೆ ಹಾಕಿಸಿದವರೆಲ್ಲ ಖಂಡೆ ನವಮಿಯ, ಅಂದರೆ ಆಯುಧಪೂಜೆಯ ದಿನಕ್ಕೆ ಹೊಂದಿಸಿಕೊಂಡು ಬಂದರು. ತಪಾಸಣೆಯೂ ಆಯಿತು, ಗಾಡಿಪೂಜೆಯೂ ಆಯಿತು.

ಪೂಜೆಯಲ್ಲಿ ಕಾಳಪ್ಪನದೊಂದು ಪದ್ಧತಿಯಿತ್ತು. ಬೇರೆಯವರು ಬಾನೆಟ್ಟಿನ ಮೇಲೆ ಕುಂಕುಮ ಇಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆದು ಮುಗಿಸುತ್ತಾರೆ. ಅದು ನೋಡುವವರಿಗೆ ಮಾಡಿದ ಪೂಜೆ ಎಂಬುದು ಅವನ ಅಭಿಪ್ರಾಯ. ಜೀವ ಉಳಿಸುವುದು ಬ್ರೇಕು, ಪೂಜೆ ಅದಕ್ಕೆ ಮುಟ್ಟಬೇಕು. ಅದಕ್ಕೇ ಗಾಲಿ ಬಿಚ್ಚಿದಾಗಲೇ ಅರಿಶಿನ ಕಲಸಿ ನಾಲ್ಕೂ ಗಾಲಿಯ ಪ್ಯಾಡುಗಳಿಗೆ ಲೇಪ ಹಚ್ಚಿ, ಕೈಮುಗಿದು, ಮತ್ತೆ ಜೋಡಿಸುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಹಳೆಯ ಪ್ಯಾಡುಗಳಲ್ಲಿ ಆ ಅರಿಶಿನ ಎರಡು ಸಲ ಬ್ರೇಕು ಒತ್ತುವಷ್ಟರಲ್ಲಿ ಸುಟ್ಟು ಹೋಗುತ್ತಿತ್ತು. ಯಾರಿಗೂ ಏನೂ ಆಗಿರಲಿಲ್ಲ.

ಆ ನವಮಿಯಂದು ಕುಂದಗೋಳದ ಶಿವಮೂರ್ತಿ ತುಪ್ಪದ ಮಾಸ್ತರರು ಎಲ್ಲರಿಗಿಂತ ಮೊದಲು ಬಂದಿದ್ದರು. ನಿವೃತ್ತರಾದ ಗಣಿತದ ಮಾಸ್ತರು, ಮಾತು ಕಡಿಮೆ, ನಗು ಹೆಚ್ಚು. ಬಿಳಿ ಅರಿವೆಯಲ್ಲಿ ಕಟ್ಟಿ ಕೆಂಪು ದಾರ ಸುತ್ತಿದ ಒಂದು ಗಂಟನ್ನು ಕಾಳಪ್ಪನ ಕೈಗೆ ಕೊಟ್ಟರು.

"ನಮ್ಮಾಕಿ ಕೊಟ್ಟು ಕಳಿಸ್ಯಾಳಪಾ. ಮನ್ಯಾಗ ಕುಟ್ಟಿದ ಅರಿಶಿಣ. ನಮ್ಮ ಗಾಡಿಗೆ ಇದನ್ನ ಹಚ್ಚಬೇಕಂತ."

"ಅಕ್ಕಾರು ಹೇಳಿದ ಮ್ಯಾಲೆ ಮುಗೀತಲ್ರಿ" ಎಂದು ಕಾಳಪ್ಪ ಬ್ಲೇಡಿನಿಂದ ದಾರ ಕತ್ತರಿಸಿ ಗಂಟು ಬಿಚ್ಚಿದ್ದ.

ಹನ್ನೊಂದನೆಯ ದಿನ ಮಾಸ್ತರರು ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆಂದು ಅಂಕೋಲೆಗೆ ಹೊರಟರು. ಹೆಂಡತಿಗೆ ಮೊಣಕಾಲು ನೋವು, ಹಾಗಾಗಿ ಒಬ್ಬರೇ. ಅರಬೈಲ್ ಘಟ್ಟದ ನಾಲ್ಕನೆಯ ತಿರುವಿನಲ್ಲಿ ಅವರ ಕಾರು ತಡೆಗೋಡೆ ಮುರಿದು ಕೆಳಗೆ ಹೋಯಿತು.

ಮರುದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದ ಹಾಗೆ ಕಾಳಪ್ಪನಿಗೆ ಫೋನು ಬಂತು. ಕಂಪನಿಯ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಸುಮಿತ್ರಾ ಹಂಪಿಹೊಳಿ ಮಾತಾಡಿದರು.

"ತಪಾಸಣೆ ಚೀಟಿ ಮ್ಯಾಲೆ ನಿಮ್ಮ ಸಹಿ ಅದ ಕಾಳಪ್ಪಾರ. ಒಮ್ಮೆ ಬಂದು ನೋಡ್ರಿ."

ಮಾಸ್ತರರು ಇಲ್ಲ ಎಂಬುದು ಅವನಿಗೆ ಗೊತ್ತಾದದ್ದೇ ಆ ಫೋನಿನಿಂದ. ಅವನು ಸ್ಟೂಲಿನ ಮೇಲೆ ಕುಳಿತ. ಅಳು ಬರಲಿಲ್ಲ. ನಾಲ್ಕೂ ಗಾಲಿಯನ್ನು ತನ್ನ ಕೈಯಾರೆ ಬಿಚ್ಚಿ ನೋಡಿದ್ದು ನೆನಪಾಗಿ, ಕೈಗಳನ್ನೇ ಬಹಳ ಹೊತ್ತು ನೋಡುತ್ತ ಕುಳಿತ.

ಉಸ್ತುವಾರಿ ಕೋಣೆ ಸಿನಿಮಾ ಥಿಯೇಟರಿನಷ್ಟು ತಣ್ಣಗಿತ್ತು. ಗೋಡೆಯಗಲದ ನಕಾಶೆಯ ಮೇಲೆ ಸಾವಿರಾರು ಹಸಿರು ಚುಕ್ಕೆಗಳು ಹರಿದಾಡುತ್ತಿದ್ದವು. ಒಂದೊಂದು ಚುಕ್ಕೆಯೂ ಒಂದೊಂದು ಕಾರು. ಪ್ಯಾಡು ತೆಳ್ಳಗಾದರೆ ಚುಕ್ಕೆ ಹಳದಿಯಾಗುತ್ತದೆ, ತೀರ ಸವೆದರೆ ಕೆಂಪು. ಸುಮಿತ್ರಾ ನಲವತ್ತರ ಹೆಂಗಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತು. ಮಾಸ್ತರರ ಕಾರಿನ ಕೊನೆಯ ಓಟವನ್ನು ಮತ್ತೆ ಓಡಿಸಿ ತೋರಿಸಿದರು. ಯಲ್ಲಾಪುರ ದಾಟಿತು, ಘಟ್ಟ ಇಳಿಯಿತು, ನಾಲ್ಕನೆಯ ತಿರುವಿಗೆ ಬಂತು. ಅಲ್ಲಿಯವರೆಗೂ ಹಸಿರು. ಆಮೇಲೆ ಚುಕ್ಕೆ ಇರಲಿಲ್ಲ.

"ಹಸಿರು ಅಂದ್ರ ಏನ್ರಿ ಅರ್ಥ?" ಕಾಳಪ್ಪ ಕೇಳಿದ.

"ಪ್ಯಾಡ್ ದಪ್ಪ ಅದ, ಸವದಿಲ್ಲ ಅಂತ."

"ಹಿಡೀತೈತಿ ಅಂತ ಅಲ್ಲ."

ಸುಮಿತ್ರಾ ನಕಾಶೆಯ ಕಡೆ ತಿರುಗಿದರು. "ದಪ್ಪ ಇದ್ರ ಹಿಡೀತದ ಅಂತ ನಾವು ತಿಳ್ಕೊಂಡಿದ್ವಿ."

ಪಕ್ಕದ ಪ್ರಯೋಗಾಲಯದಲ್ಲಿ ಅವರು ತಟ್ಟೆಯೊಂದರಲ್ಲಿ ಮಾಸ್ತರರ ಕಾರಿನ ಪ್ಯಾಡನ್ನು ತಂದಿಟ್ಟರು. ಕಾಳಪ್ಪ ಹೆಬ್ಬೆರಳು ಆಡಿಸಿದ. ಗಾಜಿನ ಬಳೆಯಷ್ಟು ನುಣುಪಾಗಿತ್ತು. ಜೀವವಿರುವ ಪ್ಯಾಡು ಉಪ್ಪುಕಾಗದದ ಹಾಗೆ ತರಿತರಿಯಾಗಿರಬೇಕು.

"ಇದು ಹೊಸಾ ಪದರ ಕಟ್ಟೇ ಇಲ್ಲ ನೋಡ್ರಿ. ಹಳೇದು ಕಾದು ಕಾದು ಗಾಜ ಆಗೇತಿ."

"ಅದ ನಮಗ ತಿಳೀವಲ್ತು" ಎಂದರು ಸುಮಿತ್ರಾ. "ಜೀವಿಗಳು ಒಳಗ ಅದಾವ, ಸತ್ತಿಲ್ಲ. ಪ್ಯಾಡ್ ಸವದಾಗ ಒಂದೊಂದು ಜೀವಿನೂ ಒಂದು ನಮೂನಿ ವಾಸನಿ ಬಿಡ್ತದ. ಅದು ಬಾಜೂದಕ್ಕ ಮುಟ್ತದ, ಅದೂ ಬಿಡ್ತದ. ವಾಸನಿ ದಟ್ಟ ಆದ ಕೂಡ್ಲೆ ಎಲ್ಲಾ ಸೇರಿ ಕಲ್ಲು ಕಟ್ಟಾಕ ಸುರು ಮಾಡ್ತಾವ. ಒಂದೊಂದ ಇದ್ರ ಏನೂ ಮಾಡೂದಿಲ್ಲ, ಕರೀಬೇಕು, ಕೂಡ್ಬೇಕು. ಇಲ್ಲಿ ಯಾವೂ ಒಂದಕ್ಕೊಂದು ಕರದಿಲ್ಲ."

ಊರೊಳಗೆ ಇದು ಯಾರಿಗೂ ಗೊತ್ತಾಗದ್ದಕ್ಕೂ ಕಾರಣವಿತ್ತು. ಬ್ಯಾಟರಿ ಕಾರಿನಲ್ಲಿ ಎಕ್ಸಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು, ಓಟದ ಶಕ್ತಿಯನ್ನು ಬ್ಯಾಟರಿಗೆ ತುಂಬಿಸುತ್ತದೆ. ಬ್ರೇಕಿಗೆ ಬೀಳುವ ಭಾರ ಅಲ್ಪ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಮೋಟಾರು ಹಿಡಿಯಲಾರದು, ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯಲು ಬರುವುದಿಲ್ಲವಲ್ಲ. ಮಾಸ್ತರರು ಯಲ್ಲಾಪುರದಲ್ಲಿ ಚಹಾ ಕುಡಿಯುತ್ತ ಬ್ಯಾಟರಿ ತುಂಬಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಘಟ್ಟದ ಇಳಿಜಾರು. ಇಡೀ ಗಾಡಿಯ ಭಾರ ಆ ಗಾಜಿನ ಮೇಲೆ ಬಿದ್ದಿತ್ತು.

ಕಾಳಪ್ಪ ಪ್ಯಾಡನ್ನು ಮೂಗಿನ ಹತ್ತಿರ ಹಿಡಿದ. ಸುಟ್ಟ ಕಲ್ಲಿನ ವಾಸನೆ. ಅದರ ಕೆಳಗೆ ಇನ್ನೊಂದು ವಾಸನೆ, ತೀರ ಪರಿಚಯದ್ದು, ಶೆಡ್ಡಿನದಲ್ಲ, ಮನೆಯದು. ಏನೆಂದು ಹೇಳಲು ಬರಲಿಲ್ಲ.

"ನಮ್ಮ ವಕೀಲರು ಮೆಕ್ಯಾನಿಕ್ಕ ಏನೋ ಮಾಡ್ಯಾನ ಅಂತ ಬರದಾರ" ಎಂದರು ಸುಮಿತ್ರಾ, ಮೆಲ್ಲಗೆ. "ನಾ ಹಂಗ ಬರದಿಲ್ಲ. ಬರಿಯೂದಕ್ಕ ನನಗ ಏನೂ ಗೊತ್ತಿಲ್ಲ."

ಎರಡು ದಿನ ಕಾಳಪ್ಪ ಊಟ ಮಾಡಿದ್ದು ಹೆಸರಿಗೆ ಮಾತ್ರ. ಮೂವತ್ತನಾಲ್ಕು ವರ್ಷದ ಹೆಸರು ಹೋಗುವ ಚಿಂತೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮಾಸ್ತರರನ್ನು ಕೊಂದದ್ದು ಆ ಪ್ಯಾಡೋ, ತನ್ನ ಕೈಯೋ ಎಂಬುದು ಅವನಿಗೆ ಗೊತ್ತಾಗಲೇಬೇಕಿತ್ತು. ಕೈಗೆ ಏನಾದರೂ ಕೆಲಸ ಬೇಕೆಂದು ಪ್ಯಾಡು ಹಿಡಿದಿಡುವ ಹಳೆಯ ಕ್ಯಾಲಿಪರ್ ಒಂದನ್ನು ಮನೆಯ ಹಿತ್ತಲಿಗೆ ತಂದು ಬಿಚ್ಚುತ್ತ ಕುಳಿತವನು ಬೋಲ್ಟು ತಿರುಗಿಸುವ ಪಾನಾ ಜಾರಿ ಹೆಬ್ಬೆರಳು ಕೊಯ್ದುಕೊಂಡ.

ಹೆಂಡತಿ ಈರವ್ವ ಒಳಗಿನಿಂದ ಬಂದು ನೋಡಿದಳು. ಬೈಯಲಿಲ್ಲ. ಕಬ್ಬಿಣದ ಸೌಟಿನಲ್ಲಿ ಚೂರು ಎಣ್ಣೆ ಬಿಸಿ ಮಾಡಿ, ಅದಕ್ಕೆ ಅರಿಶಿನ ಹಾಕಿ ತಂದಳು. ಸೌಟು ಹತ್ತಿರ ಬಂದದ್ದೇ ತಡ, ಕಾಳಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಏನ್ರಿ, ಉರೀತೇತೇನು? ಇನ್ನಾ ಹಚ್ಚೇ ಇಲ್ಲ ನಾ."

"ಇದನ್ಯಾಕ ಹಚ್ತಿ?"

"ಯಾಕ ಅಂದ್ರ? ಹಚ್ಚಿದ್ರ ಕೀವು ಆಗಂಗಿಲ್ಲ."

"ಯಾಕ ಆಗಂಗಿಲ್ಲ?"

ಈರವ್ವ ಗಂಡನ ಮುಖ ನೋಡಿದಳು. ಐವತ್ತೆಂಟು ವರ್ಷದ ಗಂಡಸು ಕೂಸಿನ ಹಾಗೆ ಕೇಳುತ್ತಿದ್ದಾನೆ. "ಹುಳಾ ಒಂದಕಡೆ ಕೂಡಗೊಡಂಗಿಲ್ಲ ಅದು. ನಮ್ಮವ್ವ ಹಂಗ ಅಂತಿದ್ಲು. ಕೈ ಕೊಡ್ರಿ ಇಲ್ಲೆ."

ಅವನು ಕೈ ಕೊಟ್ಟ. ಬಿಸಿ ಅರಿಶಿನದ ಆ ವಾಸನೆ ಮಾಸ್ತರರ ಪ್ಯಾಡಿನದೇ ಆಗಿತ್ತು. ಈರವ್ವ ಬೆರಳಿಗೆ ಬಟ್ಟೆ ಸುತ್ತಿದಳು. ಆಮೇಲೆ ಒಂದು ಹಿಡಿ ಅರಿಶಿನವನ್ನು ಕರವಸ್ತ್ರದಲ್ಲಿ ಕಟ್ಟಿ ಕೊಡು ಎಂದ. ಯಾಕೆಂದು ಹೇಳಲಿಲ್ಲ.

ಅವತ್ತೇ ಧಾರವಾಡಕ್ಕೆ ಹೋಗಿ ಸುಮಿತ್ರಾ ಅವರ ಮೇಜಿನ ಮೇಲೆ ಆ ಗಂಟು ಇಟ್ಟ. "ಇದನ್ನ ಒಂದ್ ಪ್ಯಾಡಿಗೆ ಹಚ್ಚಿ ನೋಡ್ರಿ ಮೇಡಮ್ಮಾರ" ಎಂದನೇ ಹೊರತು ತಾನು ಹಚ್ಚಿದ್ದೇನೆ ಎಂದು ಹೇಳಲಿಲ್ಲ. ಅವರೂ ಕೇಳಲಿಲ್ಲ. ಮೂರು ದಿನ ಬೇಕು ಎಂದರು.

ದಾರಿಯಲ್ಲಿ ಮಗಳಿಗೆ ಫೋನು ಮಾಡಿದ. ಅವನ ಒಬ್ಬಳೇ ಮಗಳು ಶಾರದಾ, ಎಲ್ಲರ ಬಾಯಲ್ಲಿ ಶಾರವ್ವ, ಹುಬ್ಬಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದಳು. ಕಾರವಾರ, ಅಂಕೋಲೆಯ ದಾರಿ ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಯ. ನವಮಿಯಂದು ಅವಳ ಕಾರಿಗೆ ಅವನು ಎರಡು ಸಲ ಹಚ್ಚಿದ್ದ. ಮಗಳ ಗಾಡಿಯಲ್ಲವೇ.

"ಶಾರವ್ವಾ, ನಾಕ ದಿನ ಘಟ್ಟದ ಕಡೆ ಹೋಗಬ್ಯಾಡವಾ."

"ಯಾಕಪ್ಪಾ?"

"ಹೇಳಿದಷ್ಟು ಕೇಳು."

"ಆತು ಬಿಡು" ಎಂದಳು, ನಗುತ್ತ. ಅಪ್ಪ ಇಂಥವು ಹತ್ತು ಹೇಳುತ್ತಾನೆ ಎಂಬ ನಗು ಅದು.

ಖಾತ್ರಿಯಾಗಲಿ, ಆಮೇಲೆ ಎಲ್ಲ ಹೇಳೋಣ ಎಂದು ಕಾಳಪ್ಪ ತನಗೆ ತಾನೇ ಹೇಳಿಕೊಂಡ. ನಿಜ ನೋಡಿದರೆ ಅದು ಖಾತ್ರಿಯ ಮಾತಾಗಿರಲಿಲ್ಲ. ಅವನಿಗೆ ಭಯವಾಗಿತ್ತು. ಹೇಳಿದ ಕೂಡಲೇ ಅದು ನಿಜವಾಗಿಬಿಡುತ್ತದೆ, ಹೇಳುವವರೆಗೆ ಇನ್ನೂ ಏನೋ ಬೇರೆ ಕಾರಣ ಸಿಗಬಹುದು. ಆ ಮೂರು ದಿನ ಅವನು ಬದುಕಿದ್ದು ಆ ಆಸೆಯ ಮೇಲೆ.

ಮೂರನೆಯ ದಿನ ಮಧ್ಯಾಹ್ನ ಸುಮಿತ್ರಾ ಅವನನ್ನು ಉಸ್ತುವಾರಿ ಕೋಣೆಯಲ್ಲೇ ಕೂರಿಸಿದರು. ಮೇಜಿನ ಮೇಲೆ ಎರಡು ಪ್ಯಾಡುಗಳಿದ್ದವು. ಒಂದು ತರಿತರಿ. ಇನ್ನೊಂದು ನುಣುಪು.

"ಅರಿಶಿಣ ಜೀವಿಗಳನ್ನ ಕೊಲ್ಲೂದಿಲ್ಲ ಕಾಳಪ್ಪಾರ. ಅವು ಕರಿಯೂದನ್ನ ನಿಂದ್ರಸ್ತದ. ವಾಸನಿ ಬಿಟ್ರೂ ಬಾಜೂದಕ್ಕ ಮುಟ್ಟೂದಿಲ್ಲ. ಒಳಗ ಒಮ್ಮೆ ಇಳೀತಂದ್ರ ಸುಟ್ಟೂ ಹೋಗೂದಿಲ್ಲ." ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೂರಾ ಹನ್ನೆರಡು ವಸ್ತು ಹಚ್ಚಿ ನೋಡಿದ್ವಿ ನಾವು. ಎಣ್ಣಿ, ಉಪ್ಪುನೀರು, ಸಿಮೆಂಟ್ ಧೂಳು. ಸಗಣಿ ಸುದ್ದಾ. ಅರಿಶಿಣ ನೋಡಿಲ್ಲ. ನಮ್ಮವ್ವ ಪ್ರತಿ ವರ್ಷ ನನ್ನ ಗಾಡಿಗೆ ಹಚ್ತಾಳ, ಆದ್ರೂ ನನಗ ಹೊಳೀಲಿಲ್ಲ."

"ಹೊರಗಿಂದ ಗಾಲಿಗೆ ಹಚ್ಚಿದ್ರ?"

"ನಿಧಾನ ಇಳೀತದ. ಎರಡು ತಿಂಗಳು ಹಿಡೀಬಹುದು. ದೀಪಾವಳಿ ಪಾಡ್ಯಾಕ್ಕ ಮತ್ತೊಮ್ಮೆ ಹಚ್ಚಿದ್ರ ಲಗೂನ ಆಗ್ತದ. ಇನ್ನ ನಾಕ ದಿನಕ್ಕ ಪಾಡ್ಯಾ. ಆದ್ರ ಮಾಸ್ತರದು ಹನ್ನೊಂದು ದಿನದಾಗ ಹೆಂಗ ಆತು ಅನ್ನೂದ ತಿಳೀವಲ್ತು."

ಕಾಳಪ್ಪ ಎದ್ದು ನಿಂತ. ಕುಳಿತು ಹೇಳುವ ಮಾತಾಗಿರಲಿಲ್ಲ ಅದು.

"ಹೊರಗಿಂದ ಇಳಿದದ್ದಲ್ರಿ ಅದು. ನಾ ಪ್ಯಾಡಿಗೇ ಹಚ್ಚೀನಿ. ನನ್ನ ಕೈಯಾರೆ. ಮೂವತ್ತೇಳು ಗಾಡಿಗೆ."

ಸುಮಿತ್ರಾ ಅವನನ್ನು ನೋಡಿದರು.

"ಅದರಾಗ ಒಂದು ನನ್ನ ಮಗಳದು" ಎಂದ ಕಾಳಪ್ಪ.

ಅವರು ಶಾರವ್ವನ ಕಾರಿನ ನಂಬರು ಕೇಳಿ ಯಂತ್ರಕ್ಕೆ ಹೊಡೆದರು. ಗೋಡೆಯ ನಕಾಶೆ ದೊಡ್ಡದಾಗುತ್ತ ಒಂದು ಕಡೆ ಹೋಗಿ ನಿಂತಿತು. ಹಸಿರು ಚುಕ್ಕೆಯೊಂದು ಯಲ್ಲಾಪುರ ದಾಟಿ ಘಟ್ಟದ ಬಾಯಿಗೆ ಬಂದಿತ್ತು. ಪಕ್ಕದಲ್ಲಿ ಬ್ಯಾಟರಿಯ ಲೆಕ್ಕ: ಪೂರ್ತಿ.

ಕಾಳಪ್ಪ ಫೋನು ಹಚ್ಚಿದ. ಘಟ್ಟದಲ್ಲಿ ಫೋನು ಹತ್ತುವುದಿಲ್ಲ, ಅದು ಅವನಿಗೂ ಗೊತ್ತು. ಆದರೂ ಹಚ್ಚಿದ. ಸುಮಿತ್ರಾ ಘಟ್ಟದ ಕೆಳಗಿನ ಪೊಲೀಸ್ ಚೌಕಿಗೆ ಫೋನು ಮಾಡಿದರು. ಕಾರಿನಿಂದ ಈ ಕೋಣೆಗೆ ಸುದ್ದಿ ಬರುತ್ತಿತ್ತು, ಈ ಕೋಣೆಯಿಂದ ಕಾರಿಗೆ ಮಾತು ಹೋಗುತ್ತಿರಲಿಲ್ಲ. ಹಾಗೆ ಕಟ್ಟಿರಲಿಲ್ಲ. ಆರು ಸಾವಿರ ಕಾರುಗಳ ಪ್ಯಾಡು ಎಷ್ಟು ದಪ್ಪ ಎಂದು ಕೂದಲೆಳೆಯ ಲೆಕ್ಕದಲ್ಲಿ ಹೇಳಬಲ್ಲ ಕೋಣೆಯಲ್ಲಿ ಇಬ್ಬರು ನಿಂತು ನೋಡುವುದನ್ನು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ.

ಚುಕ್ಕೆ ಮೊದಲನೆಯ ತಿರುವು ತಿರುಗಿತು. ಹಸಿರೇ ಇತ್ತು. ಎರಡನೆಯ ತಿರುವಿನಲ್ಲಿ ಅದರ ವೇಗ ಏರಿತು. ಮೂರನೆಯ ತಿರುವು ಇನ್ನೂ ಬಂದಿರಲಿಲ್ಲ, ಚುಕ್ಕೆ ನಿಂತುಬಿಟ್ಟಿತು. ಹಸಿರಾಗಿಯೇ ನಿಂತಿತ್ತು. ಮಾಸ್ತರರ ಚುಕ್ಕೆಯೂ ಕೊನೆಯವರೆಗೆ ಹಸಿರಾಗಿಯೇ ಇತ್ತಲ್ಲ. ಹಾಗಾಗಿ ಆ ಬಣ್ಣ ನೋಡಿ ಸಮಾಧಾನ ಪಡುವ ಹಾಗಿರಲಿಲ್ಲ.

ನಲವತ್ತು ನಿಮಿಷ ಕಳೆಯಿತು. ಕಾಳಪ್ಪ ಆ ಹೊತ್ತಿನಲ್ಲಿ ದೇವರನ್ನು ನೆನೆಯಲಿಲ್ಲ. ನೆನೆಯುವ ಮುಖ ಉಳಿದಿಲ್ಲ ಎನ್ನಿಸಿತ್ತು. "ಕುಂದ್ರಿ" ಎಂದು ಸುಮಿತ್ರಾ ಎರಡು ಸಲ ಹೇಳಿದರು, ಅವನಿಗೆ ಕೇಳಿಸಲಿಲ್ಲ. ಕೊನೆಗೆ ಅವನ ಫೋನು ಬಡಿದುಕೊಂಡಿತು. ಯಾರದೋ ನಂಬರು. ಮಾತಾಡಿದವಳು ಶಾರವ್ವ.

"ಅಪ್ಪಾ, ಲಾರ್‍ಯಾವ್ರು ಯಲ್ಲಾಪುರಕ್ಕ ಕರ್ಕೊಂಡ ಬಂದಾರ. ಕಿಟಕಿ ಗಾಜ ಇಳಿಸ್ಕೊಂಡ ಬ್ರೇಕಿನ ದನಿ ಕೇಳು ಅಂತ ನಾ ಸಣ್ಣಾಕಿ ಇದ್ದಾಗಿಂದ ನೀ ಹೇಳ್ತಿದ್ದೆಲ್ಲ. ಇಳಿಸಿದ್ನಿ. ದನೀನ ಇಲ್ಲ. ಕಾಲ ಪೂರ್ತಿ ಒತ್ತಿದ್ರೂ ಹಿಡೀವಲ್ತು. ಗುಡ್ಡದ ಬದೀಲೆ ಗಟಾರದಾಗ ಎಡಗಾಲಿ ಇಳಿಸಿ, ಮಣ್ಣಿಗೆ ತಿಕ್ಕಿ ನಿಂದ್ರಿಸಿದ್ನಿ. ಒಳಗ ಬಾಡಿಗಿಗೆ ಬಂದ ಅಜ್ಜ ಅಜ್ಜಿ ಇಬ್ಬರಿದ್ರು, ಅವರು ಆರಾಮ ಅದಾರ. ನನ್ನ ಕೈ ಮುರದೇತಿ."

ಕಾಳಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. "ಹೋಗಬ್ಯಾಡ ಅಂದಿದ್ನೆಲ್ಲವಾ."

"ಯಾಕ ಅಂತ ಹೇಳ್ಲಿಲ್ಲಲ್ಲಪ್ಪಾ ನೀ" ಎಂದಳು ಶಾರವ್ವ.

ಅವಳು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಆದರೂ ಕಾಳಪ್ಪ ಕುರ್ಚಿ ಹಿಡಿದುಕೊಂಡು ಕೂತ, ಮುಖ ಮುಚ್ಚಿಕೊಂಡು ಅತ್ತ. ಮಾಸ್ತರರ ಸುದ್ದಿ ಕೇಳಿದಂದಿನಿಂದ ಬಾರದಿದ್ದ ಅಳು ಅದು.

ಹೊತ್ತು ಮುಳುಗುವ ಮೊದಲು ಅವನು ಹೇಳಿಕೆ ಬರೆಸಲು ಕುಳಿತ. ಸುಮಿತ್ರಾ ಹಾಳೆ ಮುಂದಿಟ್ಟು ಎಚ್ಚರಿಸಿದರು. "ಇದನ್ನ ಬರದು ಕೊಟ್ರಂದ್ರ ನಮ್ಮ ವಕೀಲರಿಗೆ ಅಷ್ಟ ಸಾಕು. ಎಲ್ಲಾ ನಿಮ್ಮ ತಲಿಗೆ ಕಟ್ತಾರ. ನಿಮ್ಮ ಲೈಸೆನ್ಸ್ ಉಳಿಯೂದಿಲ್ಲ. ನಾವು ಅರಿಶಿಣ ಪರೀಕ್ಷೆ ಮಾಡ್ಲಿಲ್ಲ ಅಂತ ನಾನೂ ಬರದ ಕೊಡಾವಾಕಿ ಇದ್ದೀನಿ. ಆದ್ರ ಅದರಿಂದ ನಿಮ್ಮ ಪಾಲು ಕಡಿಮಿ ಆಗೂದಿಲ್ಲ."

"ಬರ್ಕೋರಿ" ಎಂದ ಕಾಳಪ್ಪ. "ನಾ ಬರೀಲಿಲ್ಲಂದ್ರ ನಾಕ ದಿನಕ್ಕ ಊರ ಮಂದಿಯೆಲ್ಲಾ ಗಾಲಿಗೆ ಹಚ್ತಾರ."

ಮೂವತ್ತೇಳೂ ಗಾಡಿಗಳ ನಂಬರನ್ನು ಅವನು ಬಾಯಿಂದಲೇ ಹೇಳಿದ. ಯಾವ ಗಾಡಿಯ ಬ್ರೇಕು ಹೇಗೆ ಕೂಗುತ್ತದೆ ಎಂಬುದರ ಮೇಲೆ ಅವನಿಗೆ ಗಾಡಿ ನೆನಪಿರುತ್ತಿತ್ತು. ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಹಚ್ಚಿದ ವಸ್ತು ಎಲ್ಲಿಂದ ಬಂತು? ಕಾಳಪ್ಪ ಅಲ್ಲಿ ತಡೆದ. ಮೂವತ್ತಾರು ಗಾಡಿಗೆ ಹಚ್ಚಿದ್ದು ಶೆಡ್ಡಿನ ಡಬ್ಬಿಯ ಅರಿಶಿನ. ಒಂದಕ್ಕೆ ಮಾತ್ರ ಬೇರೆ.

"ಎಲ್ಲಾ ನನ್ನ ಶೆಡ್ಡಿನದು ಅಂತ ಬರೀರಿ" ಎಂದು ಸಹಿ ಮಾಡಿದ.

ಮರುದಿನದಿಂದ ರೇಡಿಯೋದಲ್ಲಿ, ಪೇಪರಿನಲ್ಲಿ, ಓಣಿ ಓಣಿಯಲ್ಲಿ ಅದೇ ಸುದ್ದಿ. ಬೆಳೆಯುವ ಬ್ರೇಕಿನ ಗಾಡಿಗೆ ಅರಿಶಿನ ಹಚ್ಚಬೇಡಿ. ಕುಂಕುಮವೂ ಅರಿಶಿನದಿಂದಲೇ ಆಗುವುದಾದ್ದರಿಂದ ಅದೂ ಬೇಡ. ಮುದುಕಿಯರು ಸುಮ್ಮನೆ ಒಪ್ಪಲಿಲ್ಲ. ಅರಿಶಿನ ಕಂಡರೆ ಕೆಲಸ ಬಿಡುವ ಬ್ರೇಕು ಎಂಥ ಬ್ರೇಕು, ಅದನ್ನೇ ತೆಗೆದು ಒಗೆಯಿರಿ ಎಂದರು. ಅವರ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನುವ ಹಾಗಿಲ್ಲ. ಅಂತೂ ಪಾಡ್ಯದ ದಿನ ಕಾರುಗಳಿಗೆ ಬರೀ ಚೆಂಡುಹೂವಿನ ಮಾಲೆ ಬಿದ್ದವು. ಉಳಿದ ಮೂವತ್ತೈದು ಗಾಡಿಗಳು ಒಂದೊಂದಾಗಿ ಶೆಡ್ಡಿಗೆ ಬಂದವು. ಕಂಪನಿಯವರು ಕಳಿಸಿದ ಹುಡುಗಿಯೊಬ್ಬಳು ಹೊಸ ಪ್ಯಾಡು ಹಾಕಿದಳು. ಲೈಸೆನ್ಸು ಕಳೆದುಕೊಂಡಿದ್ದ ಕಾಳಪ್ಪ ಪಕ್ಕದಲ್ಲಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲವನ್ನೂ ಕೊನೆಯ ಬೋಲ್ಟಿನವರೆಗೆ ನೋಡಿದ. ಇನ್ನು ಮುಂದೆ ದಪ್ಪದ ಜೊತೆ ಹಿಡಿತವನ್ನೂ ಅಳೆಯುತ್ತೇವೆ, ಕಾರಿಗೆ ಇಲ್ಲಿಂದಲೂ ಮಾತು ಹೋಗುವ ಹಾಗೆ ಕಟ್ಟುತ್ತೇವೆ ಎಂದು ಕಂಪ‌ನಿ ಹೇಳಿಕೆ ಕೊಟ್ಟಿತು. ಅದರಲ್ಲಿ ತಪ್ಪು ಎಂಬ ಶಬ್ದ ಇರಲಿಲ್ಲ.

ಪಾಡ್ಯ ಕಳೆದ ಮರುದಿನ ಕಾಳಪ್ಪ ಶೆಡ್ಡಿನ ಕಪಾಟು ತೆಗೆದ. ಮಾಸ್ತರರು ಕೊಟ್ಟಿದ್ದ ಬಿಳಿ ಅರಿವೆ ಅಲ್ಲಿಯೇ ಇತ್ತು. ಒಳಗಿನ ಅರಿಶಿನ ಅರ್ಧ ಖಾಲಿಯಾಗಿತ್ತು. ಅದನ್ನು ಮನೆಗೆ ಒಯ್ದು ಈರವ್ವನ ಮುಂದೆ ಇಟ್ಟ. ಅಂಗಡಿಯ ಪುಡಿ ನುಣ್ಣಗಿರುತ್ತದೆ, ಇದು ದಪ್ಪ, ಬಣ್ಣವೂ ಕಡು.

"ಇದರ ಹಂಗ ಆಗಬೇಕು ನೋಡು."

ಈರವ್ವ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದಳು. ಯಾತಕ್ಕೆ ಎಂದು ಅವಳು ಕೇಳಲಿಲ್ಲ, ಅವಳಿಗೆ ತಿಳಿದಿತ್ತು. ಅರಿಶಿನದ ಬೇರು ತರಿಸಿ, ಒರಳಲ್ಲಿ ಹಾಕಿ ತಾನೇ ಕುಟ್ಟಿದಳು. ಅರಿವೆ ತುಂಬಿತು. ಕಾಳಪ್ಪ ಹೊಸ ಕೆಂಪು ದಾರ ತಂದು ಸುತ್ತಿ ಗಂಟು ಹಾಕಿದ.

ಕುಂದಗೋಳದ ಮನೆಯಲ್ಲಿ ಮಾಸ್ತರರ ಹೆಂಡತಿ ಗೌರಕ್ಕ ಪಡಸಾಲೆಯ ಕಂಬಕ್ಕೆ ಒರಗಿ, ಕಾಲು ಚಾಚಿ ಕುಳಿತಿದ್ದರು. ಗೋಡೆಯ ಮಾಡದಲ್ಲಿ ಮಾಸ್ತರರ ಫೋಟೋ. ಕಾಳಪ್ಪ ಒಳಗೆ ಬಂದು ನೆಲದ ಮೇಲೆ ಕುಳಿತ. ಪೇಪರಿನಲ್ಲಿ ಬಂದದ್ದನ್ನೇ ಮತ್ತೆ ತನ್ನ ಬಾಯಿಂದ ಹೇಳಿದ. ಯಾವುದನ್ನೂ ಮೆತ್ತಗೆ ಮಾಡಲಿಲ್ಲ.

"ನನ್ನ ಕೈಯಾರೆ ಆತ್ರಿ ಅಕ್ಕಾರ. ಬೈಯಾದಿದ್ರ ಬೈರಿ, ಹೊಡಿಯಾದಿದ್ರ ಹೊಡೀರಿ."

ಗೌರಕ್ಕ ಅವನನ್ನು ನೋಡುತ್ತಿರಲಿಲ್ಲ. ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. "ಪೇಪರ್ ಓದಿದಾಗಿಂದ ನನಗ ಒಂದ ಮಾತು ಕೊರಿಯಾಕತ್ತೇತಿ ಕಾಳಪ್ಪಾ. ಅವತ್ತ ನಾನ ಕುಟ್ಟಿ ಕೊಟ್ಟ ಕಳಿಸಿದ್ನೆಲ್ಲ. ನಮ್ಮ ಗಾಡಿಗೆ ಹಚ್ಚಿದ್ದು ಅದನ್ನ ಹೌದಲ್ಲ?"

"ಅಲ್ರಿ" ಎಂದ ಕಾಳಪ್ಪ. ಚೀಲದಿಂದ ಗಂಟು ತೆಗೆದು ಅವರ ಮುಂದೆ ಇಟ್ಟ. "ಗಡಿಬಿಡ್ಯಾಗ ನಿಮ್ದು ಬಿಚ್ಚೇ ಇರ್ಲಿಲ್ಲ. ಹಂಗ ಉಳದೇತಿ ನೋಡ್ರಿ. ಹಚ್ಚಿದ್ದು ನಮ್ಮ ಡಬ್ಬಿದು."

ಗೌರಕ್ಕ ಗಂಟನ್ನು ಕೈಗೆ ತೆಗೆದುಕೊಂಡರು. ಅದರ ಭಾರ ನೋಡಿದರು. ಆಮೇಲೆ ದಾರದ ಮೇಲೆ ಅವರ ಬೆರಳು ನಿಂತಿತು. ಬಹಳ ಹೊತ್ತು ಅಲ್ಲಿಯೇ ನಿಂತಿತು. ಕಾಳಪ್ಪ ನೆಲ ನೋಡುತ್ತಿದ್ದ.

"ಬಿಚ್ಚೇ ಇಲ್ಲೇನು?"

"ಇಲ್ರಿ ಅಕ್ಕಾರ."

"ಹಂಗಾರ ಆತು" ಎಂದರು ಗೌರಕ್ಕ. ಕಂಬ ಹಿಡಿದು ಕಷ್ಟಪಟ್ಟು ಎದ್ದರು. "ಮಗಳ ಕೈ ಹೆಂಗೈತಿ? ಕುಂದ್ರು, ಚಾ ಮಾಡ್ತೀನಿ."

ಗಂಟನ್ನು ಅವರು ಒಳಗೆ ಒಯ್ದರು. ಕಾಳಪ್ಪ ಕುಳಿತಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಒಲೆಯ ಮೇಲೆ ನೀರು ಕಾಯುತ್ತಿರುವಾಗ ಗೌರಕ್ಕ ಬೆನ್ನು ಮಾಡಿ ನಿಂತು, ಅವನು ಹಾಕಿದ್ದ ಗಂಟನ್ನು ಬಿಚ್ಚಿ, ಅದೇ ದಾರವನ್ನು ತಮ್ಮ ರೀತಿಯಲ್ಲಿ ಏಳು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಮತ್ತೆ ಕಟ್ಟುತ್ತಿದ್ದರು. ಕಟ್ಟಿಯಾದ ಮೇಲೆ ತಂದು ಮಾಸ್ತರರ ಫೋಟೋದ ಪಕ್ಕದಲ್ಲಿ ಇಟ್ಟರು. ಆಮೇಲೆ ಅವನಿಗೆ ಚಹಾ ಕೊಟ್ಟರು.